ಕಾಲಿನ ಕಸುವು, ಬುದ್ಧಿಯ ಚುರುಕು

"ಅತ್ತೇ, ನೀವು ಕೂತ್ಕೊಳ್ಳಿ, ನಾನು ಮಾಡ್ತೀನಿ." ನಿಮ್ಮ ಮನೆಯಲ್ಲೂ ಈ ಮಾತು ದಿನಕ್ಕೆ ಹತ್ತು ಸಲ ಕೇಳುತ್ತದಲ್ಲವೇ? ಪ್ರೀತಿಯಿಂದ ಆಡುವ ಮಾತೇ ಸರಿ. ಆದರೆ ಆ ಪ್ರೀತಿಯಿಂದಲೇ ನಮ್ಮ ಮನೆಯಲ್ಲಿ ಒಂದು ತಪ್ಪು ನಡೆದುಹೋಯಿತು.

ನಮ್ಮತ್ತೆಯವರಿಗೆ ಈಗ ಎಪ್ಪತ್ತಾರು. ಬಾವಿಯಿಂದ ನೀರು ಸೇದಿ, ಒರಳಿನಲ್ಲಿ ಹಿಟ್ಟು ರುಬ್ಬಿ ಸಂಸಾರ ತೂಗಿಸಿದ ಜೀವ. ಎರಡು ವರ್ಷದ ಹಿಂದೆ ಬಚ್ಚಲಲ್ಲಿ ಜಾರಿ ಬಿದ್ದರು. ಪುಣ್ಯಕ್ಕೆ ಮೂಳೆ ಮುರಿಯಲಿಲ್ಲ. ಆದರೂ ನಾವು ಹೆದರಿ ಅವರನ್ನು ಕುರ್ಚಿಯಲ್ಲಿ ಕೂರಿಸಿಬಿಟ್ಟೆವು. ಕಾಫಿ ಅಲ್ಲಿಗೇ, ಊಟ ಅಲ್ಲಿಗೇ. ಆರು ತಿಂಗಳಲ್ಲಿ ಯಾರಾದರೂ ಕೈ ಹಿಡಿಯದೆ ಏಳಲಾರದಂತಾದರು. ಮಾತು ಕಡಿಮೆಯಾಯಿತು. ತಿಂಡಿ ತಿಂದು ಅರ್ಧ ಗಂಟೆಗೆ "ತಿಂಡಿ ಆಯ್ತೇನೇ?" ಎಂದು ಕೇಳತೊಡಗಿದರು. ವಯಸ್ಸಾಯಿತಲ್ಲ ಎಂದು ನಾವು ಸುಮ್ಮನಾದೆವು.

ಕೊನೆಗೆ ಡಾಕ್ಟರಿಗೆ ತೋರಿಸಿದೆವು. ರಕ್ತ, ಥೈರಾಯ್ಡ್, ಬಿ12, ಕಿವಿ ಎಲ್ಲ ಪರೀಕ್ಷೆಯಾಯಿತು. ಆಮೇಲೆ ಅವರು, "ಇವರಿಂದ ಕೆಲಸ ಬಿಡಿಸಿದ್ದು ಯಾರು?" ಎಂದು ಕೇಳಿದರು. ನನಗೆ ತಲೆ ಎತ್ತಲಾಗಲಿಲ್ಲ.

ಕಾಲಿಗೂ ತಲೆಗೂ ಏನು ಸಂಬಂಧ ಎನ್ನುತ್ತೀರಾ? ನಾನೂ ಹಾಗೇ ಅಂದುಕೊಂಡಿದ್ದೆ. ಲಂಡನ್ನಿನ ಕಿಂಗ್ಸ್ ಕಾಲೇಜಿನವರು 324 ಅವಳಿ ಹೆಂಗಸರನ್ನು ಹತ್ತು ವರ್ಷಗಳ ಅಂತರದಲ್ಲಿ ಎರಡು ಸಲ ಪರೀಕ್ಷಿಸಿದರು. 2015ರಲ್ಲಿ ಪ್ರಕಟವಾದ ಅವರ ವರದಿಯ ಪ್ರಕಾರ, ಮೊದಲು ಕಾಲಿನಲ್ಲಿ ಬಲವಿದ್ದವರ ಬುದ್ಧಿಯ ಚುರುಕು ಮುಂದೆ ಕಡಿಮೆ ಕುಂದಿತ್ತು. ಆಸ್ಟ್ರೇಲಿಯಾದ ಸಿಡ್ನಿಯಲ್ಲಿ, ಮರೆವು ತುಸು ಶುರುವಾಗಿದ್ದ 55 ದಾಟಿದ 100 ಜನರ ಮೇಲೆ ಪ್ರಯೋಗ ನಡೆಯಿತು. ಭಾರ ಎತ್ತುವ ವ್ಯಾಯಾಮವನ್ನು ಆರು ತಿಂಗಳು ಮಾಡಿದವರಲ್ಲಿ, ಬಲ ಹೆಚ್ಚಿದಂತೆ ಬುದ್ಧಿಯೂ ಸುಧಾರಿಸಿತೆಂದು 2016ರಲ್ಲಿ ತಿಳಿಸಿದರು. ದುಡಿಯುವ ಸ್ನಾಯು ರಕ್ತದ ಸಕ್ಕರೆಯನ್ನು ಬಳಸಿಕೊಳ್ಳುತ್ತದೆ. ಮಿದುಳಿಗೆ ರಕ್ತ ಚೆನ್ನಾಗಿ ಹರಿಯಲೂ ವ್ಯಾಯಾಮ ನೆರವಾಗುತ್ತದೆ.

ಮನೆಯಲ್ಲೇ ಹೀಗೆ ಮಾಡಿಸಿ:

ಗಟ್ಟಿ ಕುರ್ಚಿಯನ್ನು ಗೋಡೆಗೆ ಒರಗಿಸಿಡಿ. ಪಾದ ನೆಲಕ್ಕೂರಿ, ಸ್ವಲ್ಪ ಮುಂದೆ ಬಾಗಿ ಎದ್ದು ನಿಲ್ಲಲಿ, ನಿಧಾನವಾಗಿ ಕೂರಲಿ. ಮೊದಲು ಐದು ಸಲ, ಬರಬರುತ್ತಾ ಹತ್ತು ಸಲ.

ಅಡುಗೆ ಕಟ್ಟೆ ಹಿಡಿದು ಹಿಮ್ಮಡಿ ಎತ್ತಿ ಇಳಿಸಲಿ.

ಅರ್ಧ ಲೀಟರಿನ ನೀರಿನ ಬಾಟಲಿ ಹಿಡಿದು ತೋಳು ಮಡಿಸಿ ಬಿಡಿಸಲಿ.

ದಿನ ಬಿಟ್ಟು ದಿನ ಸಾಕು. ನೀವು ಪಕ್ಕದಲ್ಲೇ ಇರಿ. ಊಟಕ್ಕೆ ಬೇಳೆ, ಕಾಳು, ಮೊಸರು ತಪ್ಪಿಸಬೇಡಿ. ಹೃದಯದ ತೊಂದರೆ, ತಲೆಸುತ್ತು, ಮಂಡಿ ನೋವು ಇದ್ದವರು ಮೊದಲು ಡಾಕ್ಟರನ್ನು ಕೇಳಿ. ಇದ್ದಕ್ಕಿದ್ದಂತೆ ಗಲಿಬಿಲಿಗೊಂಡರೆ, ಮಾತು ತೊದಲಿದರೆ ಕೂಡಲೇ ಆಸ್ಪತ್ರೆಗೆ ಕರೆದೊಯ್ಯಿರಿ.

ಇದೇ ಮರೆವಿಗೆ ಮದ್ದು ಎಂದು ನಾನು ಹೇಳಲಾರೆ. ಅತ್ತೆಯವರು ಈಗಲೂ ಕನ್ನಡಕ ಎಲ್ಲಿಟ್ಟೆನೆಂದು ಹುಡುಕುತ್ತಾರೆ. ಆದರೆ ತಾವೇ ಎದ್ದು ಅಡುಗೆಮನೆಗೆ ಬರುತ್ತಾರೆ. ಕಟ್ಟೆಯ ಬಳಿ ನಿಂತು ಸೊಪ್ಪು ಬಿಡಿಸುತ್ತಾ, "ಸಾರಿಗೆ ಉಪ್ಪು ಜಾಸ್ತಿ ಆಯ್ತು ಕಣೇ" ಅಂತ ಗದರುತ್ತಾರೆ. ಆ ಗದರಿಕೆ ಕೇಳಿ ನನಗಾಗುವ ಸಂತೋಷ ಅಷ್ಟಿಷ್ಟಲ್ಲ!

ಕೂತು ಉಂಡರೆ ಕುಡಿಕೆ ಹೊನ್ನೂ ಸಾಲದು ಎಂಬ ಗಾದೆ ಮೈಯ ಕಸುವಿಗೂ ಸಲ್ಲುತ್ತದೆ. ಹಿರಿಯರ ಜೊತೆ ನೀವೂ ಹತ್ತು ಸಲ ಎದ್ದು ಕೂತರೆ ನಷ್ಟವೇನು? ನಾಳೆ ನಮಗೂ ವಯಸ್ಸಾಗುವುದು ತಾನೇ?