ಬೈರಮಂಗಲದ ಹಸಿರು, ಬೆಂಗಳೂರಿನ ನೊರೆ

ಬೈರಮಂಗಲ ಕೆರೆ ಮೊದಲು ಗೊತ್ತಾಗುವುದು ಮೂಗಿಗೆ. ಬಿಡದಿಯಿಂದ ಹಾರೋಹಳ್ಳಿ ಕಡೆ ಹೋಗುವ ರಸ್ತೆಯಲ್ಲಿ ತೆಂಗಿನ ತೋಟಗಳ ನಡುವೆ ಸಾಗುತ್ತಿರುವಾಗಲೇ ಸಾಬೂನು, ಕೊಳೆ, ಯಾವುದೋ ರಾಸಾಯನಿಕ ಎಲ್ಲ ಕಲಸಿದ ವಾಸನೆ ಬಂದು ಕಾರಿನೊಳಗೆ ಕೂತುಬಿಡುತ್ತದೆ. ಬಿಡದಿ ಹತ್ತಿರ ಹೋಟೆಲ್ ಇಟ್ಟುಕೊಂಡಿರುವ ನನ್ನ ಭಾವ, 'ಹ್ವಾಯ್, ಕೆರಿ ಕಾಂಬುಕ್ ಹೋಪನಾ?' ಎಂದು ಕರೆದುಕೊಂಡು ಹೋಗಿದ್ದರು. ಕುಂದಾಪುರ ಕಡೆಯ ತಲ್ಲೂರಿನಲ್ಲಿ ಹೊಳೆ ನೋಡಿಕೊಂಡು ಬೆಳೆದವನಿಗೆ ಕೆರೆಯಲ್ಲಿ ನೋಡುವಂಥದ್ದು ಏನಿದ್ದೀತು ಎಂದುಕೊಂಡೇ ಹೊರಟೆ. ಕೋಡಿಯ ಹತ್ತಿರ ಇಳಿದ ಮೇಲೆ ಬಹಳ ಹೊತ್ತು ಮಾತೇ ಹೊರಡಲಿಲ್ಲ.

ಕೋಡಿಯಿಂದ ಧುಮುಕುವ ನೀರು ಕಪ್ಪು. ಬಿದ್ದ ಜಾಗದಲ್ಲಿ ಆಳೆತ್ತರಕ್ಕೆ ಬಿಳಿ ನೊರೆ. ಗಾಳಿ ಬೀಸಿದಾಗ ಆ ನೊರೆ ತುಂಡುತುಂಡಾಗಿ ಎದ್ದು ಪಕ್ಕದ ಗದ್ದೆಗೆ, ಮುಳ್ಳುಬೇಲಿಗೆ, ಬೈಕಿನಲ್ಲಿ ಹೋಗುವವರ ಬೆನ್ನಿಗೆ ಅಂಟುತ್ತದೆ. ಅದೇ ನೀರು ಕಾಲುವೆಗೆ ಇಳಿದು ಮುಂದೆ ಹೋದಲ್ಲಿ, ಕಣ್ಣು ಹಾಯುವಷ್ಟು ದೂರ ಹಸಿರು. ಸೀಮೆಹುಲ್ಲು, ಬೇಬಿಕಾರ್ನ್, ಹಿಪ್ಪುನೇರಳೆ, ತೆಂಗು. ಇಷ್ಟು ಕೆಟ್ಟ ನೀರಿನಿಂದ ಇಷ್ಟು ಒಳ್ಳೆಯ ಹಸಿರು ಬಂದದ್ದನ್ನು ನಾನು ಬೇರೆಲ್ಲೂ ಕಂಡಿಲ್ಲ.

ಈ ಹಸಿರಿನ ಮೇಲೆಯೇ ಬಿಡದಿ ಸಮಗ್ರ ಉಪನಗರ ಬರಬೇಕಾಗಿರುವುದು.

ಇದರ ಚರಿತ್ರೆ ಪತ್ರಿಕೆ ಓದುವವರಿಗೆ ಹೊಸದಲ್ಲ. 2006ರಲ್ಲಿ ಎಚ್.ಡಿ. ಕುಮಾರಸ್ವಾಮಿ ಮುಖ್ಯಮಂತ್ರಿಯಾಗಿದ್ದಾಗ ಬೆಂಗಳೂರಿನ ಸುತ್ತ ಬಿಡದಿ, ರಾಮನಗರ, ಸಾತನೂರು, ಸೋಲೂರು, ನಂದಗುಡಿ ಎಂದು ಐದು ಉಪನಗರಗಳ ಯೋಜನೆ ಹುಟ್ಟಿತು. ಬಿಡದಿಯೊಂದಕ್ಕೇ ಒಂಬತ್ತು ಸಾವಿರಕ್ಕೂ ಹೆಚ್ಚು ಎಕರೆ. ಡಿಎಲ್‌ಎಫ್ ಕಂಪನಿ ಮುಂದೆ ಬಂತು, ಆಮೇಲೆ ಹಿಂದೆ ಸರಿಯಿತು. ಹೊಸಕೋಟೆ ತಾಲೂಕಿನ ನಂದಗುಡಿಯಲ್ಲಿ ರೈತರು ಎದ್ದು ನಿಂತು ಯೋಜನೆಯನ್ನೇ ನಿಲ್ಲಿಸಿದರು. ಸರ್ಕಾರಗಳು ಬದಲಾದವು, ಕಡತ ಮುಚ್ಚಲಿಲ್ಲ. 2025ರ ಮಾರ್ಚ್‌ನಲ್ಲಿ ಬಿಡದಿಗೆ ಮತ್ತೆ ಪ್ರಾಥಮಿಕ ಅಧಿಸೂಚನೆ ಬಂತು. ಹೊಸ ಹೆಸರು ಗ್ರೇಟರ್ ಬೆಂಗಳೂರು ಸಮಗ್ರ ಉಪನಗರ. ದೇಶದ ಮೊದಲ ಎಐ ನಗರ ಎಂದು ಉಪಮುಖ್ಯಮಂತ್ರಿ ಡಿ.ಕೆ. ಶಿವಕುಮಾರ್ ಅದನ್ನು ಬಣ್ಣಿಸಿದರು. ಬೈರಮಂಗಲ, ಬನ್ನಿಗೆರೆ, ಹೊಸೂರು, ಕಂಚುಗಾರನಹಳ್ಳಿ, ಅರಳಾಳುಸಂದ್ರ, ಮಂಡಲಹಳ್ಳಿ ಮುಂತಾದ ಹಳ್ಳಿಗಳ ಏಳು ಸಾವಿರಕ್ಕೂ ಹೆಚ್ಚು ಎಕರೆ ಅದರ ಪಾಲಿಗೆ. ಅಂದು ಯೋಜನೆ ತಂದ ಜೆಡಿಎಸ್ ಇಂದು ರೈತರ ಪರ ನಿಂತಿದೆ. ಇದು ನಿಮ್ಮದೇ ಯೋಜನೆ, ನಾವು ಮುಂದುವರಿಸುತ್ತಿದ್ದೇವೆ ಅಷ್ಟೆ ಎಂದು ಕಾಂಗ್ರೆಸ್ ಹೇಳುತ್ತಿದೆ. ಊರಿನವರಿಗೆ ಈ ತಕರಾರಿನಲ್ಲಿ ಆಸಕ್ತಿ ಕಡಿಮೆ. ಸರ್ವೆಗೆ ಅಧಿಕಾರಿಗಳ ಜೀಪು ಬಂದರೆ ಅಡ್ಡ ನಿಲ್ಲುವುದಷ್ಟೇ ಅವರಿಗೆ ಮುಖ್ಯ.

ಯೋಜನೆಗಿಂತಲೂ ಆ ನೀರಿನ ಕಥೆಯೇ ನನ್ನನ್ನು ಹೆಚ್ಚು ಹಿಡಿಯಿತು. ವೃಷಭಾವತಿ ಹುಟ್ಟುವುದು ಬಸವನಗುಡಿಯ ದೊಡ್ಡ ಬಸವಣ್ಣನ ಪಾದದಲ್ಲಿ ಎಂಬುದು ಬೆಂಗಳೂರಿನ ನಂಬಿಕೆ. ಗಾಳಿ ಆಂಜನೇಯನ ಗುಡಿ ದಾಟಿ, ನಾಯಂಡಹಳ್ಳಿ, ಕೆಂಗೇರಿ ಹಾದು, ಮೈಸೂರು ರಸ್ತೆಯ ಪಕ್ಕದಲ್ಲೇ ಹರಿದು ಬಿಡದಿಯ ಕಡೆ ಬರುತ್ತದೆ. ಮಳೆಗಾಲ ಬಿಟ್ಟರೆ ಅದರಲ್ಲಿ ಹರಿಯುವುದು ಬಹುಪಾಲು ಪಶ್ಚಿಮ ಬೆಂಗಳೂರಿನ ಮನೆಗಳ ಬಚ್ಚಲು ನೀರು, ಕಾರ್ಖಾನೆಗಳ ನೀರು. ಆ ನೀರು ಮೂಲದಲ್ಲಿ ಎಲ್ಲಿಯದು? ತೊರೆಕಾಡನಹಳ್ಳಿಯಿಂದ ಸುಮಾರು 100 ಕಿಲೋಮೀಟರ್ ದೂರ, ಅರ್ಧ ಕಿಲೋಮೀಟರ್ ಎತ್ತರಕ್ಕೆ ಪಂಪು ಮಾಡಿ ತಂದ ಕಾವೇರಿ. ಬೆಂಗಳೂರು ಅದರಲ್ಲಿ ಅನ್ನ ಬೇಯಿಸಿ, ಬಟ್ಟೆ ಒಗೆದು, ಕಾರು ತೊಳೆದು ಕೆಳಗೆ ಬಿಡುತ್ತದೆ. ಬಿಟ್ಟದ್ದು ಬೈರಮಂಗಲ ಕೆರೆ ತುಂಬಿ, ಅಲ್ಲಿಂದ ಅರ್ಕಾವತಿ ಸೇರಿ, ಕನಕಪುರ ದಾಟಿ, ಸಂಗಮದಲ್ಲಿ ಮತ್ತೆ ಕಾವೇರಿಗೇ ಬಂದು ಬೀಳುತ್ತದೆ. ಕೋಟಿಗಟ್ಟಲೆ ರೂಪಾಯಿಯ ವಿದ್ಯುತ್ ಸುಟ್ಟು ಮೇಲೆ ಹತ್ತಿಸಿದ ನದಿ ಹೀಗೆ ಕೊಳಕಾಗಿ ತವರಿಗೆ ಮರಳುತ್ತದೆ. ಆ ದಾರಿಯ ಮಧ್ಯೆ ಕೂತು ನಗರದ ಹೊಲಸನ್ನು ಮೈಮೇಲೆ ತೆಗೆದುಕೊಂಡದ್ದು ಬೈರಮಂಗಲ.

ಕೆರೆ ಕಟ್ಟಿದ್ದು 1940ರ ದಶಕದಲ್ಲಿ, ನೀರಾವರಿಗೆಂದು. ಇದೇ ನೀರು ಕುಡಿದಿದ್ದೇವೆ, ಇಲ್ಲಿ ಮೀನು ಹಿಡಿದಿದ್ದೇವೆ ಎನ್ನುವ ಹಿರಿಯರು ಊರಿನಲ್ಲಿ ಇನ್ನೂ ಇದ್ದಾರೆ. ನೊರೆಗೆ ಕಾರಣ ಸರಳ. ಬಟ್ಟೆ ಒಗೆಯುವ ಪುಡಿಯಲ್ಲಿರುವ ರಾಸಾಯನಿಕ ನೀರಿನಲ್ಲಿ ಕರಗಿರುತ್ತದೆ, ಕೋಡಿಯಿಂದ ಬೀಳುವಾಗ ಗಾಳಿ ಸೇರಿ ಉಬ್ಬುತ್ತದೆ. ನೊರೆ ಕಣ್ಣಿಗೆ ಕಾಣುತ್ತದೆ, ಕಾಣದ್ದು ಇನ್ನೂ ಕೆಟ್ಟದ್ದು. ವೃಷಭಾವತಿ ನೀರಿನಲ್ಲಿ ಬೆಳೆದ ತರಕಾರಿ, ಸೊಪ್ಪಿನಲ್ಲಿ ಸೀಸ, ಕ್ರೋಮಿಯಂನಂಥ ಲೋಹಗಳಿರುವುದನ್ನು ವಿಜ್ಞಾನಿಗಳು ಮತ್ತೆ ಮತ್ತೆ ಅಳೆದು ತೋರಿಸಿದ್ದಾರೆ. ಬೈರಮಂಗಲದವರಿಗೆ ಇದು ಗೊತ್ತಿಲ್ಲವೆಂದಲ್ಲ. ಬತ್ತದ ನೀರು ಇದೊಂದೇ ಆದಾಗ ಮನುಷ್ಯರು ನೇರವಾಗಿ ತಿನ್ನುವ ಬೆಳೆ ಬಹುಪಾಲು ಬಿಟ್ಟು ಹುಲ್ಲು, ರೇಷ್ಮೆ, ತೆಂಗಿನ ಕಡೆ ವಾಲಿದರು. ರೇಷ್ಮೆಗೂಡು ರಾಮನಗರದ ಮಾರುಕಟ್ಟೆಗೆ, ಹಾಲು ಡೈರಿಗೆ. ಇದರ ಹಿಂದಿರುವ ಬುದ್ಧಿವಂತಿಕೆ ಯಾವ ನಗರ ಯೋಜಕನ ನಕ್ಷೆಯಲ್ಲೂ ಇಲ್ಲ.

ಸಂಜೆ ಒಂದು ಹಳ್ಳಿಯ ಡೈರಿಯ ಮುಂದೆ ನಿಂತಿದ್ದೆವು. ಸ್ಟೀಲಿನ ಕ್ಯಾನು, ಉಗ್ಗ ಹಿಡಿದ ಹೆಂಗಸರೇ ಹೆಚ್ಚು. ಒಬ್ಬೊಬ್ಬರ ಹಾಲನ್ನೂ ಒಂದಿಷ್ಟು ತೆಗೆದು ಯಂತ್ರಕ್ಕಿಟ್ಟು ಫ್ಯಾಟ್ ನೋಡುತ್ತಾರೆ, ತೂಕ ಮಾಡುತ್ತಾರೆ, ಚೀಟಿ ಬರುತ್ತದೆ. ಚೀಟಿಯನ್ನು ಮಡಚಿ ಸೆರಗಿನ ತುದಿಗೆ ಕಟ್ಟಿಕೊಳ್ಳುತ್ತಿದ್ದ ಅಜ್ಜಿಯೊಬ್ಬರನ್ನು ಮಾತಾಡಿಸಿದೆ. 'ಎರಡು ಸೀಮೆಹಸ ಐತೆ ಕಣಪ್ಪ. ಎರಡು ಎಕ್ರೆಗೆ ದುಡ್ಡು ಕೊಡ್ತಾರಂತೆ. ದುಡ್ಡು ದಿನಾ ಸಂಜೆ ಹಾಲು ಕೊಟ್ಟಾತಾ?' ಎಂದರು. ಪಕ್ಕದಲ್ಲಿದ್ದ ಯುವಕ ಬೇರೆಯೇ ಮಾತಾಡಿದ. ಹತ್ತೊಂಬತ್ತು ವರ್ಷದಿಂದ ನಮ್ಮ ಜಮೀನು ಈ ಯೋಜನೆಯ ರೆಡ್ ಝೋನ್, ಮಾರೋ ಹಾಗಿಲ್ಲ, ಕಟ್ಟೋ ಹಾಗಿಲ್ಲ, ಒಳ್ಳೆ ರೇಟು ಕೊಟ್ಟರೆ ತಗೊಂಡುಬಿಡಲಿ ಎಂದ. ಅಜ್ಜಿ ಅವನ ಕಡೆ ತಿರುಗಿಯೂ ನೋಡಲಿಲ್ಲ.

ಆ ಯುವಕನ ಮಾತನ್ನು ತಳ್ಳಿಹಾಕಲು ನನಗೆ ಮನಸ್ಸಿಲ್ಲ. ಊರು ಎರಡಾಗಿರುವುದು ನಿಜ. ಆದರೆ ಅವನ ಒಪ್ಪಿಗೆ ಎಲ್ಲಿಂದ ಬಂತು ಎಂದು ನೋಡಬೇಕು. ಜಮೀನಿನ ಮೇಲೆ ಸರ್ಕಾರದ ಕಣ್ಣು ಬಿದ್ದ ದಿನದಿಂದ ಆ ಜಮೀನು ಒಡೆಯನ ಕೈಯಲ್ಲಿ ಅರ್ಧ ಮಾತ್ರ ಇರುತ್ತದೆ. ಮಗಳ ಮದುವೆಗೆ ಒಂದು ತುಂಡು ಮಾರೋಣವೆಂದರೆ ಸರಿಯಾದ ಬೆಲೆಗೆ ಕೊಳ್ಳುವವರಿಲ್ಲ. ಮನೆ ಕಟ್ಟೋಣವೆಂದರೆ ಅನುಮತಿಯ ತೊಡಕು. ಕೊಳವೆಬಾವಿ ಹಾಕಿಸೋಣವೆಂದರೆ ನಾಳೆ ಏನೋ ಎಂಬ ಅಳುಕು. ಹೀಗೆ ಒಂದು ತಲೆಮಾರನ್ನು ಕಾಯಿಸಿ, ಬೇಸತ್ತವರು ಹೂಂ ಎಂದಾಗ ಅದನ್ನು ಒಪ್ಪಿಗೆ ಎಂದು ಬರೆದುಕೊಳ್ಳುವುದು ನ್ಯಾಯವಲ್ಲ. ಎಕರೆಗೆ ಕೋಟಿಗಳ ಪರಿಹಾರ, ಇಲ್ಲವೇ ಅಭಿವೃದ್ಧಿಪಡಿಸಿದ ಜಾಗದಲ್ಲಿ ಅರ್ಧ ಪಾಲು ಎಂದು ಸರ್ಕಾರ ಹೇಳುತ್ತಿದೆ. ಕೇಳಲು ದೊಡ್ಡ ಮೊತ್ತ. ಬೇರೆಯವರ ಹೊಲದಲ್ಲಿ ದುಡಿಯುವವರಿಗೆ, ಗೇಣಿಗೆ ಹುಲ್ಲು ಬೆಳೆಯುವವರಿಗೆ ಅದರಲ್ಲಿ ಏನು ಸಿಗುತ್ತದೆ ಎಂದು ಡೈರಿಯ ಮುಂದಿದ್ದ ಯಾರಿಗೂ ಗೊತ್ತಿರಲಿಲ್ಲ.

ಇಂಥ ಹೋರಾಟ ಬಿಡದಿಗೆ ಮಾತ್ರ ಸೀಮಿತವಲ್ಲ. ಲಂಡನ್ನಿನ ಉತ್ತರಕ್ಕಿರುವ ಸ್ಟೀವನೇಜ್ ಎಂಬ ಸಣ್ಣ ಪಟ್ಟಣದ ಸುತ್ತ 1946ರಲ್ಲಿ ಹೊಸ ನಗರ ಕಟ್ಟಲು ಹೊರಟಾಗ ಊರಿನವರು ಸಚಿವ ಲೂಯಿಸ್ ಸಿಲ್ಕಿನ್ ಅವರ ಕಾರಿನ ಟೈರಿನ ಗಾಳಿ ಬಿಟ್ಟರು, ರೈಲು ನಿಲ್ದಾಣದ ಫಲಕದಲ್ಲಿ ಊರಿನ ಹೆಸರು ತೆಗೆದು 'ಸಿಲ್ಕಿನ್‌ಗ್ರಾಡ್' ಎಂದು ಹಾಕಿದರು. ಮೇಲಿನ ನ್ಯಾಯಾಲಯದವರೆಗೆ ಹೋಗಿ ಸೋತರು, ನಗರ ಎದ್ದಿತು. ನಮ್ಮ ಕಡೆ ಬೇರೆ ಉದಾಹರಣೆಗಳಿವೆ. ಮಂಗಳೂರು ಎಸ್‌ಇಜೆಡ್‌ನ ಎರಡನೇ ಹಂತಕ್ಕೆ ಗುರುತಿಸಿದ್ದ 2,035 ಎಕರೆಯನ್ನು 2011ರಲ್ಲಿ ಸರ್ಕಾರ ಕೈಬಿಟ್ಟಿತು. ಪೇಜಾವರದ ವಿಶ್ವೇಶತೀರ್ಥ ಸ್ವಾಮಿಗಳೂ ರೈತರ ಜೊತೆ ನಿಂತಿದ್ದರು. ದೇವನಹಳ್ಳಿಯ ಚನ್ನರಾಯಪಟ್ಟಣ ಹೋಬಳಿಯಲ್ಲಿ 13 ಹಳ್ಳಿಗಳ ಜನ ಮೂರು ವರ್ಷಕ್ಕೂ ಹೆಚ್ಚು ಕಾಲ ಧರಣಿ ಕೂತು, 2025ರ ಜುಲೈ 15ರಂದು 1,777 ಎಕರೆಯ ಸ್ವಾಧೀನ ಕೈಬಿಡುವುದಾಗಿ ಮುಖ್ಯಮಂತ್ರಿ ಸಿದ್ದರಾಮಯ್ಯ ಅವರ ಬಾಯಲ್ಲೇ ಹೇಳಿಸಿದರು. ಬೈರಮಂಗಲದವರು ಕೇಳುತ್ತಿರುವುದೂ ಅದನ್ನೇ: ದೇವನಹಳ್ಳಿಗೆ ಒಂದು ನ್ಯಾಯ, ನಮಗೊಂದು ನ್ಯಾಯವೇ?

ದಾರಿಹೋಕರಿಗೆ ಹೊಲ ಖಾಲಿ ಕಾಣುವುದು ಸುಲಭ. ನಮ್ಮ ತಲ್ಲೂರಿನಿಂದ ರಾಜಾಡಿ ಸೇತುವೆ ದಾಟಿ ಹೆಮ್ಮಾಡಿಗೆ ಏಪ್ರಿಲ್‌ನಲ್ಲಿ ಹೋಗಿ ನೋಡಿ, ಹೆದ್ದಾರಿಯ ಆಚೀಚೆ ಒಣ ನೆಲ. ಮಕರ ಸಂಕ್ರಾಂತಿಯ ಹೊತ್ತಿಗೆ ಬಂದವರಿಗಷ್ಟೇ ಗೊತ್ತು, ಮಾರಣಕಟ್ಟೆ ಜಾತ್ರೆಗೆ ಹೋಗುವ ಹೆಮ್ಮಾಡಿ ಸೇವಂತಿಗೆ ಅರಳುವುದು ಅದೇ ನೆಲದಲ್ಲಿ ಎಂದು. ನಾಳೆ ಯಾರಾದರೂ ನಕ್ಷೆ ಹಿಡಿದು ಬಂದು ಇದು ಪಾಳು ಬಿದ್ದ ಜಾಗ ಎಂದರೆ ನಾವು ಸುಮ್ಮನಿರುತ್ತೇವೆಯೇ?

ಬೆಂಗಳೂರಿನ ಮೇಲೆ ಒತ್ತಡವಿದೆ, ಅದಕ್ಕೆ ಉಪನಗರ ಬೇಕು ಎನ್ನುವ ವಾದವನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಬೈರಮಂಗಲಕ್ಕೆ ಬೆಂಗಳೂರು ಬಾಕಿ ಉಳಿಸಿಕೊಂಡಿರುವ ಸಾಲವೊಂದಿದೆ. ಕೊಳಚೆಯನ್ನು ಕೆರೆಗೆ ಬಿಡದೆ ಪಕ್ಕದಿಂದ ಸಾಗಿಸುವ ಕಾಲುವೆಯ ಮಾತು ಬಂತು, ಅದೂ ವಿವಾದದಲ್ಲಿ ಸಿಕ್ಕಿಕೊಂಡಿತು. ನದಿಯನ್ನು ಮೊದಲು ಶುದ್ಧ ಮಾಡಿ. ಪ್ರತಿ ಹಳ್ಳಿಯಲ್ಲೂ ಗ್ರಾಮಸಭೆ ಕರೆದು, ಜಮೀನಿದ್ದವರನ್ನೂ ಇಲ್ಲದವರನ್ನೂ ಕೂರಿಸಿ ಕೇಳಿ. ಬೇಡ ಎಂದವರ ಜಮೀನನ್ನು ಅಧಿಸೂಚನೆಯಿಂದ ಕೈಬಿಟ್ಟು, ರೆಡ್ ಝೋನಿನಿಂದಲೂ ಬಿಡಿಸಿ.

ನಮ್ಮ ಕುಂದಾಪುರ, ಬೈಂದೂರು ಕಡೆಯವರಿಗೂ ಒಂದು ಮಾತು. ಬೆಂಗಳೂರಿನಲ್ಲಿ ಹೋಟೆಲ್ ನಡೆಸಿ ನಾಲ್ಕು ಕಾಸು ಉಳಿಸಿ, ಬಿಡದಿ ಹತ್ತಿರ ಒಂದು ಸೈಟು ಮಾಡಿಡೋಣ ಎಂದುಕೊಂಡಿರುವವರು ನಮ್ಮಲ್ಲಿ ಬೇಕಾದಷ್ಟು ಜನ ಇದ್ದಾರೆ. ಮುಂಗಡ ಕೊಡುವ ಮೊದಲು ಆ ಜಾಗದ ಸರ್ವೆ ನಂಬರು ಹಿಡಿದುಕೊಂಡು ಹಳ್ಳಿಗೆ ಹೋಗಿ, ಅದು ಯಾರ ಹೊಲವಾಗಿತ್ತು, ಅವರು ಮನಸಾರೆ ಕೊಟ್ಟರೇ ಎಂದು ಕೇಳಿ ಬನ್ನಿ.