ಎಲ್ಲರ ಹಾಡಿಗೆ ಒಬ್ಬರಿಗೇಕೆ ಪ್ರಶಸ್ತಿ?

ಪ್ರಶ್ನೆ: ಜನಪದ ಹಾಡು ಇಡೀ ಊರಿನದು. ಹಾಗಿದ್ದರೂ ವರ್ಷವರ್ಷ ಪ್ರಶಸ್ತಿಯನ್ನು ಒಬ್ಬೊಬ್ಬರಿಗೆ ಕೊಡುವುದು ಸರಿಯೆ? (ಊರ್ಡಿಗೆರೆಯಿಂದ)

ಉತ್ತರ: ಸರಿ ಎಂದೇ ನನ್ನ ಎಣಿಕೆ. ಹಾಡು ಎಲ್ಲರದು ನಿಜ, ಅದನ್ನು ಹೊತ್ತ ನೆನಪು ಮಾತ್ರ ಒಬ್ಬೊಬ್ಬರದು. ಮದುವೆಮನೆಯ ಸೋಬಾನೆಯನ್ನೇ ನೋಡಿ. ಹತ್ತು ಹೆಂಗಸರು ಸೊಲ್ಲು ಹಿಡಿಯುತ್ತಾರೆ. ಆದರೆ ಅರಿಶಿನ ಹಚ್ಚುವಾಗ ಯಾವ ಪದ, ಹಸೆಗೆ ಕರೆಯುವಾಗ ಯಾವುದು, ಹೆಣ್ಣೊಪ್ಪಿಸುವಾಗ ಯಾವುದು ಎಂದು ತಿಳಿದು ಮೊದಲ ಸಾಲು ಎತ್ತಿಕೊಡುವವರು ಒಬ್ಬಿಬ್ಬರೇ. ಅವರಿಲ್ಲದ ದಿನ ಉಳಿದವರ ಬಾಯಿಯೂ ಕಟ್ಟುತ್ತದೆ. ಚಳ್ಳಕೆರೆ ಸೀಮೆಯ ಗೊಲ್ಲರಹಟ್ಟಿಯ ಸಿರಿಯಜ್ಜಿ ಅಕ್ಷರ ಕಲಿತವರಲ್ಲ. ಸಾವಿರಾರು ಪದ ಅವರ ನಾಲಗೆಯ ಮೇಲಿದ್ದವು. ಹಂಪಿ ಕನ್ನಡ ವಿಶ್ವವಿದ್ಯಾಲಯ ನಾಡೋಜ ಪದವಿ ಕೊಟ್ಟದ್ದು ಆ ನೆನಪಿಗೆ. ಅಂಕೋಲೆಯ ಹಾಲಕ್ಕಿ ಸಮುದಾಯದ ಹಾಡುಗಾರ್ತಿ ಸುಕ್ರಿ ಬೊಮ್ಮಗೌಡರಿಗೆ 2017ರಲ್ಲಿ ಪದ್ಮಶ್ರೀ ಬಂದಾಗ ಹಾಲಕ್ಕಿಗಳ ಹಾಡಿನತ್ತ ನಾಡೇ ತಿರುಗಿ ನೋಡಿತು. ಒಬ್ಬರಿಗೆ ಸಂದದ್ದು ಸಮುದಾಯಕ್ಕೂ ಸಂದಿತು.

ಕರ್ನಾಟಕ ಜಾನಪದ ಅಕಾಡೆಮಿ ತನ್ನ ವಾರ್ಷಿಕ ಗೌರವ ಪ್ರಶಸ್ತಿಯನ್ನು ಜಿಲ್ಲೆಗೊಬ್ಬರಂತೆ ಕೊಡುತ್ತ ಬಂದಿದೆ, ಸಂಶೋಧಕರಿಗೆ ಜಾನಪದ ವಿದ್ವಾಂಸರಾದ ಜೀ.ಶಂ.ಪ. ಮತ್ತು ಗದ್ದಗಿಮಠರ ಹೆಸರಿನ ತಜ್ಞ ಪ್ರಶಸ್ತಿಗಳು ಬೇರೆ. ಪ್ರತಿಭೆ ಜಿಲ್ಲೆಯ ಲೆಕ್ಕದಲ್ಲಿ ಹುಟ್ಟುತ್ತದೆಯೆ ಎಂದು ಕೇಳುವವರಿದ್ದಾರೆ. ಹುಟ್ಟುವುದಿಲ್ಲ, ಒಪ್ಪುತ್ತೇನೆ. ಆದರೆ ಆ ಲೆಕ್ಕವಿಲ್ಲದಿದ್ದರೆ ರಾಜಧಾನಿಯ ವೇದಿಕೆಗೆ ಹತ್ತಿರವಿದ್ದವರೇ ಕಣ್ಣಿಗೆ ಬೀಳುತ್ತಾರೆ. ಗುಬ್ಬಿಯ, ಕುಣಿಗಲ್ಲಿನ ಹಳ್ಳಿಯ ತಂಬೂರಿಯವರನ್ನು ಹುಡುಕಿ ಹೋಗುವವರು ಯಾರು? ನಿಜಕ್ಕೂ ತೂಕದ ಆಕ್ಷೇಪ ಇನ್ನೊಂದಿದೆ: ಗೌರವ ಬರುವ ಹೊತ್ತಿಗೆ ಅನೇಕರ ದನಿ ಕುಗ್ಗಿರುತ್ತದೆ. ಉಸಿರು ಗಟ್ಟಿಯಿರುವಾಗಲೇ ಅವರನ್ನು ಗುರುತಿಸಿ, ಪಕ್ಕದಲ್ಲಿ ಕಲಿಯಲು ಇಬ್ಬರು ಹುಡುಗಿಯರನ್ನು ಕೂರಿಸಬೇಕು.