ಮಗುವಿನ ಜೊತೆ ಊರು ಬಿಡುವ ಮುನ್ನ

ಗುಂಡ್ಲುಪೇಟೆಯಲ್ಲಿ ಹೆದ್ದಾರಿ ಕವಲೊಡೆಯುತ್ತದೆ. ಒಂದು ಕೇರಳದ ಸುಲ್ತಾನ್ ಬತ್ತೇರಿಗೆ, ಇನ್ನೊಂದು ತಮಿಳುನಾಡಿನ ಗೂಡಲೂರು, ಊಟಿಗೆ. ಚಾಮರಾಜನಗರದ ಮಗ್ಗುಲಲ್ಲೇ ಇರುವ ತಾಳವಾಡಿಯಲ್ಲಿ ಕೇಳಿಸುವುದು ಕನ್ನಡವೇ ಆದರೂ ಅದು ಈರೋಡು ಜಿಲ್ಲೆಗೆ ಸೇರಿದ ಊರು. ಹೆಣ್ಣು ಕೊಡುವಾಗ, ತರುವಾಗ ಈ ಗಡಿಗಳನ್ನು ಯಾರೂ ಲೆಕ್ಕಕ್ಕಿಡುವುದಿಲ್ಲ. ಸಂಸಾರ ಮುರಿದಾಗ ಮಾತ್ರ ಗಡಿ ಎದ್ದು ನಿಲ್ಲುತ್ತದೆ. ತಾಯಿ ಮಗುವನ್ನು ಎತ್ತಿಕೊಂಡು ತವರಿಗೆ ಹೋಗುತ್ತಾಳೆ. ಇಲ್ಲವೇ ಅಪ್ಪ ಕೆಲಸ ಅರಸಿ ಕೊಯಮತ್ತೂರಿಗೆ ಹೊರಟಾಗ ಮಗನನ್ನೂ ಕರೆದೊಯ್ಯುತ್ತಾನೆ. ಹೀಗೆ ಹೋಗಬಹುದೇ? ಯಾರನ್ನು ಕೇಳಬೇಕು?

ಇದಕ್ಕೆಂದೇ ಬರೆದ ಪ್ರತ್ಯೇಕ ಕಾಯ್ದೆ ಭಾರತದಲ್ಲಿಲ್ಲ. ಎಲ್ಲ ಧರ್ಮದವರಿಗೂ ಅನ್ವಯವಾಗುವುದು ಬ್ರಿಟಿಷರ ಕಾಲದ, 1890ರ ಗಾರ್ಡಿಯನ್ಸ್ ಅಂಡ್ ವಾರ್ಡ್ಸ್ ಕಾಯ್ದೆ. ಹಿಂದೂಗಳಿಗೆ ಇದರ ಜೊತೆಗೆ 1956ರ ಅಪ್ರಾಪ್ತರ ಪೋಷಕತ್ವ ಕಾಯ್ದೆಯೂ ಇದೆ. ಆ ಕಾಯ್ದೆ ತಂದೆಯನ್ನು ಮೊದಲ ಸಹಜ ಪೋಷಕ ಎನ್ನುತ್ತದೆ. ಆದರೆ ಐದು ವರ್ಷ ತುಂಬದ ಮಗು ಸಾಮಾನ್ಯವಾಗಿ ತಾಯಿಯ ಬಳಿಯೇ ಇರಬೇಕು ಎಂದೂ ಹೇಳುತ್ತದೆ. ತಂದೆ ಬದುಕಿದ್ದರೂ ಮಗುವಿನ ಹೊಣೆ ಹೊರದಿದ್ದರೆ ತಾಯಿಯೇ ಪೋಷಕಿಯಾಗಬಹುದು ಎಂದು ಲೇಖಕಿ ಗೀತಾ ಹರಿಹರನ್ ಹೂಡಿದ್ದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1999ರಲ್ಲಿ ಹೇಳಿತು.

ಮಗು ಯಾರ ಬಳಿ ಇರಬೇಕು ಎಂದು ಕೋರ್ಟಿನ ಆದೇಶ ಇದೆಯೇ ಇಲ್ಲವೇ ಎಂಬುದನ್ನು ಮೊದಲು ನೋಡಬೇಕು. ಇಲ್ಲದಿದ್ದರೆ, ಊರು ಬಿಡಲು ಅಪ್ಪ ಅಮ್ಮ ಇಬ್ಬರಲ್ಲಿ ಯಾರಿಗೂ ನೇರ ತಡೆಯಿಲ್ಲ. ಗಂಡ ಮಗುವನ್ನು ಕರೆದೊಯ್ದ ಎಂದು ಸ್ಟೇಷನ್ನಿಗೆ ಓಡುವ ಹೆಂಗಸಿಗೆ 'ಕೋರ್ಟಿಗೆ ಹೋಗಮ್ಮ' ಎಂಬ ಉತ್ತರ ಸಿಗುವುದೂ ಇದೇ ಕಾರಣಕ್ಕೆ. ಕೋರ್ಟಿನ ನಿಷೇಧವಿಲ್ಲದಿದ್ದಾಗ ಹೆತ್ತ ತಂದೆಯ ಮೇಲೆ ಅಪಹರಣದ ಕೇಸು ನಿಲ್ಲದು ಎಂದು ಬಾಂಬೆ ಹೈಕೋರ್ಟಿನ ನಾಗಪುರ ಪೀಠ 2023ರಲ್ಲಿ ಹೇಳಿದೆ. ಕೇಳುವವರಿಗೆ ಇದು ಕಹಿ. ಆದರೆ ಅದೇ ನೆಲೆಯಲ್ಲಿ ತವರಿಗೆ ಹೋದ ತಾಯಿಯೂ ಅಪರಾಧಿಯಲ್ಲ.

ಆದೇಶ ಇದ್ದರೆ ಕಥೆಯೇ ಬೇರೆ. ಕೋರ್ಟು ನೇಮಿಸಿದ ಪೋಷಕರು ಅದರ ಅನುಮತಿ ಇಲ್ಲದೆ ಮಗುವನ್ನು ಆ ಕೋರ್ಟಿನ ವ್ಯಾಪ್ತಿಯಾಚೆ ಕರೆದೊಯ್ಯುವಂತಿಲ್ಲ ಎನ್ನುತ್ತದೆ 1890ರ ಕಾಯ್ದೆಯ 26ನೇ ಕಲಂ. ವ್ಯಾಪ್ತಿ ಎಂದರೆ ಸಾಮಾನ್ಯವಾಗಿ ಜಿಲ್ಲೆ. ಅಂದರೆ ಚಾಮರಾಜನಗರದ ಕೋರ್ಟು ನೇಮಿಸಿದ ಪೋಷಕರು ಪಕ್ಕದ ನಂಜನಗೂಡಿಗೆ ಮನೆ ಬದಲಿಸಬೇಕಾದರೂ ಕೇಳಬೇಕು, ಏಕೆಂದರೆ 1997ರಲ್ಲಿ ಚಾಮರಾಜನಗರ ಬೇರೆ ಜಿಲ್ಲೆಯಾದಾಗ ನಂಜನಗೂಡು ಮೈಸೂರಿಗೇ ಉಳಿಯಿತು. ಕೋರ್ಟಿನ ಕೈಗೆ ಸಿಗಬಾರದೆಂದು ಮಗುವನ್ನು ಸಾಗಿಸಿದವರಿಗೆ 44ನೇ ಕಲಂ ಹೇಳುವ ದಂಡ ಒಂದು ಸಾವಿರ ರೂಪಾಯಿವರೆಗೆ, ಇಲ್ಲವೇ ಆರು ತಿಂಗಳವರೆಗೆ ಸಿವಿಲ್ ಜೈಲು. 1890ರ ಸಾವಿರ ರೂಪಾಯಿ ದೊಡ್ಡ ಮೊತ್ತ. ಇಂದು ಅದಕ್ಕೆ ಹೆದರುವವರು ಯಾರು?

ವಿಚ್ಛೇದನದ ಕೇಸಿನಲ್ಲಿ ಬರುವ ಕಸ್ಟಡಿ ಆದೇಶಗಳಲ್ಲಿ ನೋಡಬೇಕಾದ್ದು ಅವುಗಳ ಒಕ್ಕಣೆ. ತಿಂಗಳಿಗೆ ಎರಡು ಭಾನುವಾರ ಮಗುವನ್ನು ತಂದೆಗೆ ತೋರಿಸಬೇಕು ಎಂದಿದ್ದರೆ, ದೂರ ಹೋಗುವ ಮುನ್ನ ಆ ಷರತ್ತನ್ನು ಬದಲಿಸಿಕೊಳ್ಳಬೇಕು. ಬದಲಿಸಲು ಬರುತ್ತದೆ ಕೂಡ. ಕಸ್ಟಡಿ ಆದೇಶ ಎಂದೂ ಅಂತಿಮವಲ್ಲ, ಮಗುವಿನ ಹಿತಕ್ಕೆ ತಕ್ಕಂತೆ ತಿದ್ದಬಹುದು ಎಂದು 2010ರಲ್ಲಿ ಸುಪ್ರೀಂ ಕೋರ್ಟ್ ಹೇಳಿ, ಆಸ್ಟ್ರೇಲಿಯಾದಲ್ಲಿ ಕೆಲಸ ಸಿಕ್ಕ ತಾಯಿಯೊಬ್ಬಳಿಗೆ ಮಗನನ್ನು ಕರೆದೊಯ್ಯಲು ಬಿಟ್ಟಿತು. 2020ರ ಅಕ್ಟೋಬರ್‌ನಲ್ಲಿ ಬೆಂಗಳೂರಿನ ಪ್ರಕರಣವೊಂದರಲ್ಲೂ ಹೀಗೇ ಆಯಿತು. ಉದ್ಯೋಗಕ್ಕಾಗಿ ಸಿಂಗಪುರಕ್ಕೆ ಹೊರಟ ತಾಯಿಯ ಜೊತೆ ಮಗು ಹೋಗಬಹುದು, ಆದರೆ ತಂದೆಗೂ ಮಗುವಿಗೂ ಮಾತುಕತೆ, ಭೇಟಿ ತಪ್ಪಕೂಡದು ಎಂದು ಕೋರ್ಟು ಷರತ್ತು ಹಾಕಿತು. ಎರಡೂ ಕಡೆ ತಾಯಂದಿರು ಮೊದಲು ಕೇಳಿದ್ದರು, ಆಮೇಲೆ ಹೋದರು.

ಹಾಗೆ ಕೇಳದೆ ಬಂದವರ ಪಾಡು 2022ರ ತೀರ್ಪಿನಲ್ಲಿದೆ. ಅಮೆರಿಕದಲ್ಲಿ ಹುಟ್ಟಿ ಬೆಳೆದ ಹುಡುಗನನ್ನು ತಾಯಿ ಭಾರತಕ್ಕೆ ಕರೆತಂದಿದ್ದಳು. ವಾಪಸು ಕಳಿಸಲು ಕರ್ನಾಟಕ ಹೈಕೋರ್ಟ್ ಒಪ್ಪಲಿಲ್ಲ. ಆ ವರ್ಷದ ಜುಲೈನಲ್ಲಿ ಸುಪ್ರೀಂ ಕೋರ್ಟ್ ಅದನ್ನು ತಿರುಗಿಸಿತು. ಮಗು ಏನು ಬಯಸುತ್ತದೆ ಎಂಬುದು ಬೇರೆ, ಮಗುವಿಗೆ ಯಾವುದು ಒಳ್ಳೆಯದು ಎಂಬುದು ಬೇರೆ ಎಂದಿತು. ಹೀಗೆ ಕರೆತಂದ ಮಕ್ಕಳನ್ನು ಮರಳಿಸುವ 1980ರ ಹೇಗ್ ಒಪ್ಪಂದಕ್ಕೆ ಭಾರತ ಸಹಿ ಹಾಕಿಲ್ಲ. ಸೇರುವುದು ಒಳ್ಳೆಯದೆಂದು ಕಾನೂನು ಆಯೋಗ 2009ರಲ್ಲೇ ಶಿಫಾರಸು ಮಾಡಿದ್ದರೂ, ಇಂದಿಗೂ ಒಂದೊಂದು ಕೇಸನ್ನೂ ಅದರದರ ಸಂಗತಿ ನೋಡಿ ತೀರ್ಮಾನಿಸುತ್ತಾರೆ.

ಗಡಿನಾಡಿನವರಿಗೆ ಇನ್ನೊಂದು ಪೇಚು. ಪೋಷಕತ್ವದ ಅರ್ಜಿ ಹಾಕಬೇಕಾದ್ದು ಮಗು ಸಾಮಾನ್ಯವಾಗಿ ವಾಸಿಸುವ ಜಾಗದ ಕೋರ್ಟಿನಲ್ಲಿ. ಎಲ್ಲಿ ವಾಸ ಎಂಬುದೇ ಜಗಳವಾಗಿ ವರ್ಷ ಕಳೆಯುವುದುಂಟು. ಹೆಂಡತಿ ತಾಳವಾಡಿಯಲ್ಲಿದ್ದು ಕೇಸು ಚಾಮರಾಜನಗರದಲ್ಲಿದ್ದರೆ, ಬಸ್ಸಿಗೆ ಹತ್ತಿರ. ಆದರೆ ಆ ಕೇಸನ್ನು ತಮಿಳುನಾಡಿಗೆ ವರ್ಗಾಯಿಸಬೇಕೆಂದರೆ ಸುಪ್ರೀಂ ಕೋರ್ಟಿಗೇ ಅರ್ಜಿ ಹಾಕಬೇಕು. ಒಂದು ರಾಜ್ಯದಿಂದ ಇನ್ನೊಂದಕ್ಕೆ ಕೇಸು ವರ್ಗಾಯಿಸುವ ಅಧಿಕಾರ ಹೈಕೋರ್ಟಿಗಿಲ್ಲ. ಅಕ್ಕಪಕ್ಕದ ಊರಿನವರ ಜಗಳಕ್ಕೆ ದೆಹಲಿಯ ವಕೀಲರು ಬೇಕಾಗುವುದು ವಿಚಿತ್ರವಾದರೂ ನಿಜ. ಗಂಡನ ಹಿಂಸೆ ತಾಳದೆ ಬಂದವಳಿಗೆ ಮಾತ್ರ ದಾರಿ ಸಲೀಸು: 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆಯಡಿ, ತಾತ್ಕಾಲಿಕವಾಗಿ ತಂಗಿರುವ ಊರಿನ ಮ್ಯಾಜಿಸ್ಟ್ರೇಟ್ ಮುಂದೆಯೂ ಅರ್ಜಿ ಹಾಕಿ ಮಗುವಿನ ತಾತ್ಕಾಲಿಕ ಕಸ್ಟಡಿ ಕೇಳಬಹುದು.

ಶಾಲೆಯ ವಿಷಯಕ್ಕೆ ಹೆದರಬೇಕಿಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆಯ 5ನೇ ಕಲಂ ಪ್ರಕಾರ ಸರ್ಕಾರಿ ಅಥವಾ ಅನುದಾನಿತ ಶಾಲೆಗೆ ಸೇರಲು ಬಂದ ಮಗುವಿನ ಟಿಸಿ ತಡವಾಯಿತೆಂದು ಪ್ರವೇಶ ನಿರಾಕರಿಸುವಂತಿಲ್ಲ. ಮಗು ಹೊರರಾಜ್ಯದಿಂದ ಬಂದಿದ್ದರೂ ಅಷ್ಟೇ.

ವಕೀಲರ ಫೀಸಿಗೆ ಹಣವಿಲ್ಲವೆಂದು ಅರ್ಜಿಯನ್ನೇ ಹಾಕದೆ ಬಸ್ಸು ಹತ್ತುವವರಿದ್ದಾರೆ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯಡಿ ಹೆಂಗಸರಿಗೆ, ಮಕ್ಕಳಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಆದಾಯ ಎಷ್ಟೇ ಇದ್ದರೂ ವಕೀಲರು ಉಚಿತ. ಬಿಳಿಗಿರಿರಂಗನ ಬೆಟ್ಟದ ಸೋಲಿಗ ಗಂಡಸಿಗೂ ಇದು ಸಲ್ಲುತ್ತದೆ. ಟಿಕೆಟ್ ಕೊಳ್ಳುವ ಮೊದಲು ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಹೋಗಿ, ಇಲ್ಲವೇ 15100ಕ್ಕೆ ಫೋನ್ ಮಾಡಿ.